ಹದಿನೇಳನೇ ನಂಬರಿನ ಬಸವನಹುಳುವನ್ನು ಶಿಕ್ಷಕಿಯ ಹೆಸರಿಗೆ ವರ್ಗಾಯಿಸುವ ಕುರಿತು

ಇಂದ:
ಶಿಕ್ಷಕಿ, ಎರಡನೇ ತರಗತಿ, 'ಬಿ' ವಿಭಾಗ.
(ವಯಸ್ಸು ಅರವತ್ತೆರಡು. ನಿವೃತ್ತಿಗೆ ಇನ್ನೊಂದು ವರ್ಷ. ಇನ್ನು ಮುಂದೆ 'ಅರ್ಜಿದಾರಳು' ಎಂದು ಕರೆಯಲಾಗಿದೆ.)

ಗೆ:
ಮಾನ್ಯ ಮುಖ್ಯಸ್ಥರು,
ಓದು ಅಳತೆ ಶಾಖೆ,
ಗಣಕೀಕೃತ ಪಾಠಗಳ ಇಲಾಖೆ.

ಮೂಲಕ:
ಶಾಲೆಯ ಹೆಡ್‌ಮಾಸ್ಟರು.
(ತಮ್ಮ ಮೂಲಕ ಇದು ಹೋಗಕೂಡದೆಂದು ಅವರು ಕೈಮುಗಿದು ಕೇಳಿಕೊಂಡ ಕಾರಣ, ಅವರ ಪಕ್ಕದಿಂದ.)

ವಿಷಯ: ಅರ್ಜಿದಾರಳು ಸ್ವಂತ ಪರಿಶ್ರಮದಿಂದ ಗಳಿಸಿದ ಕೆಂಪು ಬಸವನಹುಳುವು ತಪ್ಪಾಗಿ ಏಳು ವರ್ಷದ ವಿದ್ಯಾರ್ಥಿನಿಯೊಬ್ಬಳ ಖಾತೆಗೆ ಜಮೆಯಾಗಿದ್ದು, ಅದನ್ನು ವಾಪಸು ಕೊಡಿಸುವ ಬಗ್ಗೆ.

ಉಲ್ಲೇಖ:
1. ತಮ್ಮ ಸುತ್ತೋಲೆ, 'ಪ್ರತಿ ಮಗುವಿಗೂ ಒಂದು ಪರದೆ'.
2. ಬರುವ ಸೋಮವಾರದಿಂದ ಅಡಿಪಾಯ ಕೊಠಡಿಗೆ ಹೋಗಬೇಕಾದ ಮಕ್ಕಳ ಪಟ್ಟಿ.
3. ಇದೇ ವಿಷಯವಾಗಿ ಅರ್ಜಿದಾರಳು ಬರೆದು, ಮಡಚಿ, ಸೀಮೆಸುಣ್ಣದ ಡ್ರಾಯರಿನಲ್ಲಿಟ್ಟು, ಕಳುಹಿಸದೇ ಉಳಿಸಿಕೊಂಡ ನಾಲ್ಕು ಅರ್ಜಿಗಳು.

ಮಾನ್ಯರೇ,

1. ಐದು ವಾರದ ಹಿಂದೆ, ಓದು ಅಳತೆಯ ಕೊನೆಯ ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಅರ್ಜಿದಾರಳು ಇಪ್ಪತ್ತೆರಡು ಟ್ಯಾಬುಗಳ ಪೈಕಿ ಹದಿಮೂರನೆಯದರ ಮೇಲೆ ಒಣಗಿದ್ದ ಸಿಂಬಳವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಇಲಾಖೆ ಕೊಟ್ಟಿರುವ ಮೆತ್ತನೆಯ ನೀಲಿ ಬಟ್ಟೆ ಬರೀ ಧೂಳಿಗೆಂದು ತಯಾರಾದದ್ದು. ಎರಡನೇ ತರಗತಿಯಲ್ಲಿ ಬರೀ ಧೂಳು ಎಂಬುದು ಇರುವುದಿಲ್ಲ. ಕಾರಣ, ಅವಳು ಗಂಡನ ಹಳೆಯ ಬನಿಯನ್ನನ್ನು ಹರಿದು ತಂದು ಉಪಯೋಗಿಸುತ್ತಾಳೆ. (ಗಂಡನಿಗೆ ತಿಳಿಸಿಲ್ಲ. ಅವನಿನ್ನೂ ಹುಡುಕುತ್ತಿದ್ದಾನೆ.) ಆ ಹೊತ್ತಿಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತರು.

"ಮೇಡಂ, ಇವತ್ತೇ ಕೊನೇ ದಿನ. ಇಡೀ ಸ್ಕೂಲಲ್ಲಿ ಒಂದೇ ಒಂದು ಖಾಲಿ. ನಿಮ್ಮ ಕ್ಲಾಸಿನ ಹದಿನೇಳು."

"ಆ ಮಗೂಗೆ ಗದ್ದಬಾವು ಸಾರ್. ಕೆನ್ನೆ ಊದ್ಕೊಂಡು ಮನೇಲಿ ಮಲಗಿದೆ."

"ಕೆನ್ನೆ ಊದಿರೋದು ಯಂತ್ರಕ್ಕೆ ಕಾಣುತ್ತಾ? ಅದು ಕೇಳಿಸ್ಕೊಳ್ಳೋದು ಮಾತ್ರ."

"ಮಗು ಮನೇಲಿದೆ ಅಂದೆ ಸಾರ್. ಇಲ್ಲಿಲ್ಲ."

"ಅದನ್ನೇ ನಾನೂ ಹೇಳ್ತಿರೋದು. ಏನಾದ್ರೂ ಮಾಡಿ. ನೂರಕ್ಕೆ ನೂರು ಅಂತ ಮೇಲಕ್ಕೆ ಹೇಳಿಬಿಟ್ಟಿದ್ದೀನಿ."

ಇಷ್ಟು ಹೇಳಿ, ಬನಿಯನ್ನಿನ ತುಂಡನ್ನು ಒಮ್ಮೆ ಅನುಮಾನದಿಂದ ನೋಡಿ, ಅವರು ಹೊರಟುಹೋದರು.

2. ಖಾಲಿ ಎಂದರೆ ಏನು ಎಂಬುದು ತಮಗೆ ತಿಳಿದೇ ಇದೆ. ಆದರೂ ಈ ಅರ್ಜಿಯನ್ನು ತಮ್ಮ ಪರವಾಗಿ ಬೇರೆ ಯಾರಾದರೂ ಓದಬಹುದಾದ ಕಾರಣ (ಹಾಗೆ ಒಬ್ಬರ ಪರವಾಗಿ ಇನ್ನೊಬ್ಬರು ಓದುವ ವಿಷಯದಲ್ಲಿ ಅರ್ಜಿದಾರಳಿಗೆ ಮಾತಾಡುವ ಹಕ್ಕಿಲ್ಲ) ವಿವರಿಸಲಾಗುತ್ತಿದೆ. ಮಗು ಟ್ಯಾಬಿನ ಮುಂದೆ ಒಂಟಿಯಾಗಿ ಕೂತು, ಪರದೆಯ ಮೇಲೆ ಬರುವ ಕಥೆಯನ್ನು ಒಂದೂವರೆ ನಿಮಿಷ ಗಟ್ಟಿಯಾಗಿ ಓದಬೇಕು. ಇನ್ನೂ ಓದದ ಮಗುವಿನ ನಂಬರು ಖಾಲಿ. ಸಲೀಸಾಗಿ ಓದಿದರೆ ಹಸಿರು ಗಾಳಿಪಟ. ತಡವರಿಸಿದರೆ ಹಳದಿ ಬಾತುಕೋಳಿ. ತೀರಾ ನಿಧಾನವಾದರೆ ಕೆಂಪು ಬಸವನಹುಳು. ಒಂದೇ ಅವಕಾಶ, ಒಮ್ಮೆ ಬಂದ ಚಿತ್ರ ವರ್ಷಪೂರ್ತಿ ಬದಲಾಗುವುದಿಲ್ಲ. ಬಸವನಹುಳು ಬಂದ ಮಕ್ಕಳನ್ನು ನೀರಿನ ಪಂಪಿನ ಪಕ್ಕದ ಅಡಿಪಾಯ ಕೊಠಡಿಗೆ ಕಳುಹಿಸಿ, ವರ್ಷ ಮುಗಿಯುವವರೆಗೆ ಅಕ್ಷರಮಾಲೆಯಿಂದ ಮತ್ತೆ ಶುರು ಮಾಡಿಸಲಾಗುತ್ತದೆ.

3. ಮೂರನೇ ತರಗತಿಯ ಶಿಕ್ಷಕಿಯನ್ನು ಅರ್ಜಿದಾರಳು ಸಲಹೆ ಕೇಳಿದಳು. ಶಾಲೆಯ ಯಾವ ಕೋಣೆಗೆ ಹೋದರೂ ಮೊದಲು ಪ್ಲಗ್ಗು ಹುಡುಕುವ ಈಕೆಗೆ ಚಾರ್ಜರ್ ಮೇಡಂ ಎಂದೇ ಹೆಸರು.

"ಅಯ್ಯೋ, ಅಷ್ಟಕ್ಕೆ ತಲೆ ಕೆಡಿಸ್ಕೋತೀರಾ? ನನ್ನ ಕ್ಲಾಸಲ್ಲಿ ಒಬ್ಬಳು ಬಾಯಿಬಡುಕಿ ಇದ್ದಾಳೆ, ಉಸಿರೇ ತಗೊಳ್ಳಲ್ಲ. ಹೋದ್ಸಲ ಆರು ಜನರ ಬದಲು ಅವಳೇ ಓದಿದ್ಲು. ಆರಕ್ಕೆ ಆರು ಗಾಳಿಪಟ! ಕಳಿಸ್ಲಾ?"

ಮಗುವಿನ ಬಾಯಲ್ಲಿ ಸುಳ್ಳು ಹೇಳಿಸುವುದು ತಪ್ಪೆಂದು ಅರ್ಜಿದಾರಳಿಗೆ ತೋರಿತು. ಆದ್ದರಿಂದ ಸುಳ್ಳನ್ನು ತಾನೇ ಹೇಳುವುದೆಂದು ತೀರ್ಮಾನಿಸಿದಳು. ಎರಡನೇ ತರಗತಿಯ ಕಥೆ, ಇಪ್ಪತ್ತೊಂದು ವರ್ಷದಿಂದ ಅದೇ ತರಗತಿಗೆ ಪಾಠ ಹೇಳುತ್ತಿರುವವಳು. ಗಾಳಿಪಟ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

4. ಬಾಗಿಲು ಮುಚ್ಚಿ, ಹದಿನೇಳನೇ ನಂಬರಿನ ಟ್ಯಾಬನ್ನು ತೆರೆದು, ಏಳು ವರ್ಷದ ದನಿ ಬರಲೆಂದು ಅವಳು ಮೂಗಿನಲ್ಲಿ ಮಾತಾಡಿ ನೋಡಿದಳು. ಬಂದದ್ದು ನೆಗಡಿಯಾದ ಅಜ್ಜಿಯ ದನಿ. ಆದರೂ ಯಂತ್ರ ಬೇಸರಿಸಲಿಲ್ಲ. "ನಮಸ್ಕಾರ ಪುಟ್ಟಾ! ಓದೋಣವಾ?" ಎಂದು ಕೇಳಿತು. ಅರವತ್ತೆರಡು ವರ್ಷದಲ್ಲಿ ಅವಳನ್ನು ಪುಟ್ಟಾ ಎಂದು ಕರೆದವರು ಬೆರಳೆಣಿಕೆಯಷ್ಟು. ಕಾರಣ, ಆ ಕ್ಷಣದಲ್ಲಿ ಕೊಂಚ ಉಬ್ಬಿಹೋದಳು ಎಂಬುದನ್ನು ಮುಚ್ಚಿಡುವುದಿಲ್ಲ.

ಕಥೆ ಒಂದು ಕೋಳಿಯದು. ಮೊಟ್ಟೆ ಇಟ್ಟ ಜಾಗವನ್ನೇ ಅದು ಮರೆತಿರುತ್ತದೆ. ಅರ್ಜಿದಾರಳು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅವಳು ಓದುವುದೇ ಹಾಗೆ. ಬೆರಳು ತಗುಲಿದಾಗಲೆಲ್ಲ ಪುಟ ಮೇಲಕ್ಕೆ ಜಾರಿತು, ಅವಳು ಅದನ್ನು ಸಾವಧಾನವಾಗಿ ಕೆಳಗೆ ಇಳಿಸಿದಳು. ಕೋಳಿ ಅಳುವ ಕಡೆ, ಕಥೆಯಲ್ಲಿ ಇಲ್ಲದಿದ್ದರೂ, "ಅಯ್ಯೋ ಪಾಪ" ಎಂದಳು. ಹಾಗೆ ಐದನೇ ಸಾಲಿಗೆ ಬಂದಾಗ ಒಂದು ಪ್ರಶ್ನೆ ಇತ್ತು: 'ಮೊಟ್ಟೆ ಎಲ್ಲಿ ಹೋಯಿತು?'

ಅಲ್ಲಿ ನಿಲ್ಲಿಸಿದಳು.

ಇದಕ್ಕೊಂದು ಹಿನ್ನೆಲೆಯಿದೆ. ಅರ್ಜಿದಾರಳು ಅಕ್ಷರ ಕಲಿತದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಅಲ್ಲಿನ ಮೇಷ್ಟ್ರು ಹಗಲು ಬಸ್ ಕಂಡಕ್ಟರು. "ಪ್ರಶ್ನೆ ಓದಿದ್ಮೇಲೆ ಬಾಯಿ ಮುಚ್ಕೊಂಡು ಕೂತ್ಕೊಳ್ರಮ್ಮ," ಎನ್ನುತ್ತಿದ್ದರು. "ಎಲ್ಲರೂ ಹತ್ತೋವರೆಗೂ ಬಸ್ಸು ಬಿಡೋ ಹಾಗಿಲ್ಲ." ಆ ಅಭ್ಯಾಸ ಅವಳ ಮೈಗೆ ಹತ್ತಿಬಿಟ್ಟಿದೆ. ಅವಳ ತರಗತಿಯಲ್ಲಿ ಪ್ರಶ್ನೆ ಬಂದರೆ ಓದು ನಿಲ್ಲುತ್ತದೆ. "ಬುಟ್ಟೀಲಿ!" "ಬೆಕ್ಕಿನ ಹೊಟ್ಟೇಲಿ!" "ನಿಮ್ಮ ಡಬ್ಬೀಲಿ ಮಿಸ್!" ಎಂದು ಉತ್ತರಗಳು ಬಂದಾದ ಮೇಲೆ, ಗೋಡೆ ಕಡೆ ಕೂತ ಉಬ್ಬಸದ ಮಗುವೂ ಏನೋ ಒಂದು ಹೇಳಿದ ಮೇಲೆ, ಓದು ಮುಂದುವರಿಯುತ್ತದೆ.

ಆದ್ದರಿಂದ ಅವಳು ಯಂತ್ರದ ಉತ್ತರಕ್ಕಾಗಿ ಕಾದಳು. ಯಂತ್ರ ಸುಮ್ಮನಿತ್ತು. ಅವಳೂ ಸುಮ್ಮನಿದ್ದಳು. ತಡವಾಗಿ ಬಾಯಿಬಿಡುವ ಮಕ್ಕಳಿರುತ್ತಾರೆ, ಅವಸರ ಪಡಿಸಬಾರದು. "ಹೂಂ, ಯೋಚನೆ ಮಾಡು, ಗೊತ್ತಾಗುತ್ತೆ," ಎಂದು ಅದಕ್ಕೆ ಧೈರ್ಯವನ್ನೂ ಹೇಳಿದಳು.

ಆಗ ಗಂಟೆಯೊಂದು ಬಾರಿಸಿತು. ಪರದೆಯ ಎಡಮೂಲೆಯಿಂದ ಒಂದು ಕೆಂಪು ಬಸವನಹುಳು ಲೋಳೆ ಬಿಡುತ್ತಾ ಬಲಮೂಲೆಗೆ ತೆವಳಿತು. "ಬೇಜಾರು ಮಾಡ್ಕೋಬೇಡ ಪುಟ್ಟಾ! ನೀನಿನ್ನೂ ಒಂದನೇ ತರಗತಿಯ ಹಂತದಲ್ಲಿದ್ದೀಯ. ಅಪ್ಪ ಅಮ್ಮನನ್ನು ಶಾಲೆಗೆ ಕರೆದುಕೊಂಡು ಬಾ."

ಅರ್ಜಿದಾರಳ ಅಪ್ಪ ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಕಾರಣ, ಸದರಿ ಸೂಚನೆಯನ್ನು ಪಾಲಿಸಲಾಗಲಿಲ್ಲ.

5. ಅಂದು ಹನ್ನೊಂದು ಗಂಟೆಗೆ ಶಾಲೆಗೆ ನೂರಕ್ಕೆ ನೂರು ಬಂತು. ಹೆಡ್‌ಮಾಸ್ಟರು ಎಲ್ಲರಿಗೂ ಬಿಸ್ಕತ್ತು ಹಂಚಿದರು.

6. ಅರ್ಜಿದಾರಳು ಯಂತ್ರದ್ವೇಷಿ ಎಂದು ತಾವು ಭಾವಿಸಬಾರದು. ಹಾಗೆ ಭಾವಿಸಿ ಕಡತ ಮುಚ್ಚುವುದು ಸುಲಭವಾದ ಕಾರಣ ಇದನ್ನು ಪ್ರತ್ಯೇಕವಾಗಿ ಬರೆಯಲಾಗಿದೆ. ಮೊದಲ ಎರಡು ತಿಂಗಳು ತುಟಿ ಬಿಚ್ಚದ ಒಂದು ಮಗು ಮೊದಲ ಸಲ ಮಾತಾಡಿದ್ದು ಟ್ಯಾಬಿನ ಜೊತೆಗೇ, ಅವಳ ಜೊತೆಗಲ್ಲ. ಇರುವೆಯ ಕಾಲನ್ನು ದೊಡ್ಡ ಬೋರ್ಡಿನ ಮೇಲೆ ಬೆಂಚಿನಷ್ಟು ಉದ್ದ ಮಾಡಿ ತೋರಿಸಿದ ದಿನ ಇಪ್ಪತ್ತೆರಡು ಮಕ್ಕಳೂ ಏಕಕಾಲಕ್ಕೆ ಬಾಯಿ ಮುಚ್ಚಿದರು. ಅಂಥದ್ದು ಅವಳ ಸೇವಾವಧಿಯಲ್ಲಿ ಅದೇ ಮೊದಲು. ಮೀನಿನ ಚಿತ್ರ ಬಂದಾಗ ನಾಲ್ಕನೇ ನಂಬರಿನವನು ಎದ್ದು ಹೋಗಿ ಬೋರ್ಡನ್ನು ನೆಕ್ಕಿದ; ಬೋರ್ಡು ಅದನ್ನು 'ಸರಿಯಾದ ಉತ್ತರ' ಎಂದು ಸ್ವೀಕರಿಸಿ ನಕ್ಷತ್ರ ಕೊಟ್ಟಿತು. ಇಂಥ ಉದಾರತೆ ಮನುಷ್ಯ ಶಿಕ್ಷಕರಲ್ಲಿಲ್ಲ. ಯಂತ್ರ ತೋರಿಸುತ್ತದೆ, ಹಾಡುತ್ತದೆ, ಒಂದೇ ಮಾತನ್ನು ನೂರು ಸಲ ಹೇಳಿದರೂ ಸಿಡುಕುವುದಿಲ್ಲ. ಅರ್ಜಿದಾರಳು ಹನ್ನೆರಡನೇ ಸಲಕ್ಕೆ ಸಿಡುಕುತ್ತಾಳೆ. ಯಂತ್ರಕ್ಕೆ ಬಾರದ ಕೆಲಸ ಒಂದೇ, ಕಾಯುವುದು. ಮಗು ಸುಮ್ಮನಿದ್ದರೆ ಗೊತ್ತಿಲ್ಲ ಎಂದು ಅದು ಬರೆದುಕೊಳ್ಳುತ್ತದೆ. ಸುಮ್ಮನಿರುವುದರಲ್ಲಿ ಹದಿನಾರು ಬಗೆಯಿದೆ ಎಂದು ಅದಕ್ಕೆ ಯಾರೂ ಹೇಳಿಕೊಟ್ಟಂತಿಲ್ಲ.

7. ಇನ್ನು ಹದಿನೇಳನೇ ನಂಬರಿನ ವಿಚಾರ. ಈಕೆ ಕಂಡದ್ದನ್ನೆಲ್ಲ ಓದುವ ಹುಡುಗಿ. ಕಾರಿಡಾರಿನಲ್ಲಿ ನೇತುಹಾಕಿರುವ ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಯನ್ನು, ಸಾಲಿನಲ್ಲಿ ನಿಂತಾಗಲೆಲ್ಲ ಗಟ್ಟಿಯಾಗಿ ಓದಿ, ಮಿಕ್ಕ ಇಪ್ಪತ್ತೊಂದು ಮಕ್ಕಳಿಗೂ ಬಾಯಿಪಾಠ ಮಾಡಿಸಿದವಳು. ಇಂದು ಶಾಲೆಗೆ ಬೆಂಕಿ ಬಿದ್ದರೆ ಆರಿಸಲು ಗೊತ್ತಿರುವುದು ಎರಡನೇ 'ಬಿ'ಯವರಿಗೆ ಮಾತ್ರ.

ಗದ್ದಬಾವು ಇಳಿದು ಅವಳು ಶಾಲೆಗೆ ಬಂದ ದಿನ ಅವಳ ಟ್ಯಾಬು 'ಅ' ಎಂಬ ಅಕ್ಷರವೊಂದನ್ನೇ ತೋರಿಸಿ, ಮುಟ್ಟಿದ್ದಕ್ಕೆ ಚಪ್ಪಾಳೆ ತಟ್ಟಿತು. "ಮಿಸ್, ಇದಕ್ಕೆ ತಲೆ ಕೆಟ್ಟಿದೆ!" ಎಂದು ನಕ್ಕಳು. ಎರಡನೇ ವಾರ ನಗಲಿಲ್ಲ. 'ಅ' ಮುಟ್ಟಿ ಚಪ್ಪಾಳೆಗೆ ಕಾದಳು. ಮೂರನೇ ವಾರ ಪಕ್ಕದವನು "ಏ ಹುಳು, ಆ ಕಡೆ ಜರುಗೇ" ಎಂದಾಗ ಜಗಳವಾಡದೆ ಜರುಗಿದಳು. ಓದುವ ಸರದಿ ಬಂದರೆ ಪುಸ್ತಕವನ್ನು ಪಕ್ಕಕ್ಕೆ ದಾಟಿಸಿದಳು. ನಾಲ್ಕನೇ ವಾರ ಎಲ್ಲರೂ ಆಟಕ್ಕೆ ಹೋದ ಮೇಲೆ ಮೇಜಿನ ಬಳಿ ಬಂದು ನಿಂತಳು.

"ಮಿಸ್, ನಾನು ಮೊದ್ಲು ಓದ್ತಿದ್ದಿದ್ದು ನಿಜವಾದ ಓದಾ? ಇಲ್ಲಾ ಸುಮ್ನೆ ಹೇಳ್ತಿದ್ನಾ?"

ಅರ್ಜಿದಾರಳು ಉತ್ತರ ಕೊಡಲಿಲ್ಲ. ಸುಮ್ಮನಿರುವ ಬಗೆಗಳಲ್ಲಿ ಇದು ಅತ್ಯಂತ ಕೆಟ್ಟದ್ದು.

8. ಅಂದೇ ಅವಳು ತಮ್ಮ ಸಹಾಯವಾಣಿಗೆ ಫೋನು ಮಾಡಿದ್ದು ದಾಖಲಾಗಿರಬಹುದು.

"ಮಗುವಿನ ವಯಸ್ಸು?"

"ಅರವತ್ತೆರಡು."

"ಮೇಡಂ, ತಿಂಗಳಲ್ಲಿ ಹೇಳಬೇಡಿ, ವರ್ಷದಲ್ಲಿ ಹೇಳಿ."

"ವರ್ಷದಲ್ಲೇ ಹೇಳಿದ್ದಪ್ಪ."

ಫೋನು ಕಟ್ಟಾಯಿತು.

9. (ಈ ಅಂಶವನ್ನು ಅರ್ಜಿದಾರಳು ನಾಲ್ಕೂ ಅರ್ಜಿಗಳಲ್ಲಿ ಬರೆದು ನಾಲ್ಕು ಸಲವೂ ಹೊಡೆದುಹಾಕಿದ್ದಾಳೆ. ಇದರಲ್ಲಿ ಅಂಶ 11 ಎಂದು ಸೇರಿಸಲಾಗಿದೆ.)

10. ಯಂತ್ರ ಕಳುಹಿಸಿದ ಸಂದೇಶ ನೋಡಿ ಹದಿನೇಳನೇ ನಂಬರಿನ ತಾಯಿ ಮೊನ್ನೆ ಶಾಲೆಗೆ ಬಂದಳು. ಈಕೆ ಲಿಫ್ಟು ರಿಪೇರಿ ಕೆಲಸದವಳು. ಅರ್ಧ ಕೆಲಸದಲ್ಲಿ ಬಂದಿದ್ದರಿಂದ ಮೊಣಕೈವರೆಗೆ ಗ್ರೀಸು. ಮಕ್ಕಳ ಕುರ್ಚಿಯಲ್ಲಿ ಕೂರಲಾರದೆ ನಿಂತೇ ಮಾತಾಡಿದಳು.

"ಮಿಸ್, ಇವಳು ಮನೇಲಿ ಔಷಧಿ ಬಾಟಲಿ, ಬಸ್ಸಿನ ಬೋರ್ಡು, ಏನು ಸಿಕ್ಕಿದ್ರೂ ಓದ್ತಿದ್ಲು. ನಾನು ನನ್ನ ಮಗಳು ಜಾಣೆ ಅಂದ್ಕೊಂಡಿದ್ದೆ."

"ಜಾಣೇನೇ ಅಮ್ಮ."

"ಜಾಣೆ ಆಗಿದ್ರೆ ಯಂತ್ರ ಯಾಕೆ ಹಾಗೆ ಹೇಳುತ್ತೆ? ಲಿಫ್ಟು ನಿಂತ್ರೆ ಮೀಟರ್ ನೋಡ್ತೀವಿ ಮಿಸ್, ಮೀಟರ್ ಸುಳ್ಳು ಹೇಳಲ್ಲ. ಇವಳೇ ನನ್ನ ಮುಂದೆ ನಾಟಕ ಆಡ್ತಿದ್ಲು, ಎಲ್ಲಾ ಉರುಹೊಡೆದು ಹೇಳ್ತಿದ್ಲು ಅನ್ಸುತ್ತೆ. ಕಥೆ ಪುಸ್ತಕ ಎಲ್ಲಾ ಕಟ್ಟಿ ಅಟ್ಟಕ್ಕೆ ಹಾಕಿದ್ದೀನಿ. ಮೊದ್ಲು ಅಕ್ಷರ, ಆಮೇಲೆ ಕಥೆ. ದಿನಾ ಐದು ಪುಟ 'ಅ ಆ' ಬರೆಸ್ತಿದ್ದೀನಿ. ಸರಿ ತಾನೇ?"

ಆಗ ಅರ್ಜಿದಾರಳು "ನೋಡೋಣ" ಎಂದಳು. ಸದರಿ 'ನೋಡೋಣ'ವನ್ನು ಈ ಮೂಲಕ ಸಂಪೂರ್ಣವಾಗಿ ಹಿಂಪಡೆಯಲಾಗಿದೆ.

11. ವಿಳಂಬಕ್ಕೆ ಕಾರಣ. ಅರ್ಜಿದಾರಳು ಈ ಶಾಲೆಗೆ ಬಂದದ್ದು ನೆಲ ಒರೆಸಲು. ಒರೆಸುತ್ತಾ ಬೋರ್ಡಿನ ಮೇಲಿದ್ದ ಅಕ್ಷರಗಳನ್ನು ನೋಡಿ, ಕಲಿಯಬೇಕೆನಿಸಿ, ಏಳು ವರ್ಷ ರಾತ್ರಿ ಶಾಲೆಗೆ ಹೋಗಿ, ಪರೀಕ್ಷೆಗಳನ್ನು ಕಟ್ಟಿ, ಬಿದ್ದು, ಮತ್ತೆ ಕಟ್ಟಿ, ತಾನು ಒರೆಸುತ್ತಿದ್ದ ಕೋಣೆಯಲ್ಲೇ ಶಿಕ್ಷಕಿಯಾದಳು. ಇಷ್ಟಾದರೂ ಒಂದು ಭಯ ಅವಳನ್ನು ಬಿಟ್ಟಿಲ್ಲ. ಎಂದಾದರೂ ಯಾರೋ ಒಬ್ಬರು ಬಾಗಿಲು ತಳ್ಳಿಕೊಂಡು ಬಂದು, "ಏಳಮ್ಮ ಮೇಲೆ, ನಿನಗೆ ನಿಜವಾಗಿ ಓದೋಕೆ ಬರಲ್ಲ ಅಂತ ಗೊತ್ತಾಯ್ತು" ಎಂದುಬಿಡುತ್ತಾರೆ ಎಂಬುದು. ಇಪ್ಪತ್ತೊಂದು ವರ್ಷ ಯಾರೂ ಬರಲಿಲ್ಲ. ತಮ್ಮ ಯಂತ್ರ ಬಂತು. ಒಂದೂವರೆ ನಿಮಿಷ ಸಾಕಾಯಿತು ಅದಕ್ಕೆ.

ಬಸವನಹುಳು ತನ್ನದೆಂದು ಒಪ್ಪಿದರೆ ಸ್ಟಾಫ್ ರೂಮಿನಲ್ಲಿ ಏನಂದಾರು, ಕೊನೆಯ ಒಂದು ವರ್ಷ ಉಳಿದೀತೇ ಎಂದು ಅಂಜಿ, ಐದು ವಾರ ಅದನ್ನು ಒಂದು ಮಗುವಿನ ಹೆಗಲ ಮೇಲೆ ತೆವಳಲು ಬಿಟ್ಟಳು. ಮಗು ಕೇಳಿದ ಪ್ರಶ್ನೆಯೂ ಅವಳ ಭಯವೂ ಒಂದೇ ಎಂದು ತಿಳಿದ ಮೇಲೂ ಮೂರು ದಿನ ಬಿಟ್ಟಳು. ಹೆಡ್‌ಮಾಸ್ಟರಿಗೆ ಹೇಳಿದಾಗ ಅವರು, "ಮೇಡಂ, ನಿಮ್ಮ ಮರ್ಯಾದೆ, ನನ್ನ ಮರ್ಯಾದೆ, ನೂರಕ್ಕೆ ನೂರರ ಮರ್ಯಾದೆ. ಒಂದು ಮಗು ತಾನೇ? ಆರೇ ತಿಂಗಳು ತಾನೇ?" ಎಂದರು. ಆ 'ತಾನೇ'ಗಳನ್ನು ಕೇಳಿ ಅರ್ಜಿದಾರಳಿಗೆ ತನ್ನ ಮೇಲೇ ಅಸಹ್ಯ ಬಂತು. ಕಾರಣ, ಅವೇ ಮಾತುಗಳನ್ನು ಅವಳೂ ಒಳಗೊಳಗೇ ಹೇಳಿಕೊಂಡಿದ್ದಳು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ತಾವು ದಯಮಾಡಿ:

(ಅ) ಸದರಿ ಬಸವನಹುಳುವನ್ನು ಹದಿನೇಳನೇ ನಂಬರಿನ ಖಾತೆಯಿಂದ ತೆಗೆದು, ಅದರ ಹಕ್ಕುದಾರಳಾದ ಅರ್ಜಿದಾರಳ ಹೆಸರಿಗೆ, ಇದ್ದ ಬಣ್ಣದಲ್ಲೇ, ವರ್ಗಾಯಿಸಬೇಕು.

(ಆ) ಹದಿನೇಳನೇ ನಂಬರಿಗೆ ಅವಳದೇ ಬಾಯಿಯಿಂದ ಓದುವ ಅವಕಾಶವನ್ನು ಮೊದಲನೆಯ ಅವಕಾಶವೆಂದೇ ಕೊಡಬೇಕು. ಅವಳು ಈವರೆಗೆ ಓದಿಯೇ ಇಲ್ಲ.

(ಇ) ಶಾಲೆಯ ನೂರಕ್ಕೆ ನೂರನ್ನು ತೊಂಬತ್ತೊಂಬತ್ತೂಚಿಲ್ಲರೆಗೆ ಇಳಿಸಬೇಕು. ಹಂಚಿದ ಬಿಸ್ಕತ್ತು ಈಗಾಗಲೇ ತಿಂದಾಗಿರುವ ಕಾರಣ ವಾಪಸಾತಿಗೆ ಒತ್ತಾಯಿಸಬಾರದು.

(ಈ) ಪಟ್ಟಿ ಅಂತಿಮವಾಗಿದೆ, ಸೋಮವಾರ ಆ ಬೆಂಚು ಖಾಲಿ ಇರುವಂತಿಲ್ಲ ಎಂದಾದರೆ, ಅರ್ಜಿದಾರಳು ಖುದ್ದು ಅಡಿಪಾಯ ಕೊಠಡಿಗೆ ಹಾಜರಾಗಲು ಸಿದ್ಧಳಿದ್ದಾಳೆ. ಅಕ್ಷರಮಾಲೆಯನ್ನು ಮತ್ತೊಮ್ಮೆ ಕಲಿಯಲು ಅವಳಿಗೆ ಸಂಕೋಚವಿಲ್ಲ, ಮೊದಲ ಸಲವೂ ತಡವಾಗಿಯೇ ಕಲಿತದ್ದು. ಮಂಡಿ ಮಡಚಲು ಬಾರದ ಕಾರಣ, ಒಂದು ದೊಡ್ಡವರ ಕುರ್ಚಿ ಮಂಜೂರು ಮಾಡಬೇಕಾಗಿ ವಿನಂತಿ.

ಇಂತಿ,
ಕಾಯುವ ತಾಳ್ಮೆ ಯಂತ್ರಕ್ಕೆ ಇಲ್ಲದಿದ್ದರೂ ತಮಗಿರಲಿ ಎಂದು ಬೇಡುವ,
ತಮ್ಮ ವಿಶ್ವಾಸಿ,
ಅರ್ಜಿದಾರಳು
(ಸಹಿ ತಾನೇ ಮಾಡಿದ್ದು)

ಲಗತ್ತುಗಳು:
1. ಬಸವನಹುಳು, ಮುದ್ರಿತ ಪ್ರತಿ, ಒಂದು.
2. ಗದ್ದಬಾವಿನ ವೈದ್ಯಕೀಯ ಪ್ರಮಾಣಪತ್ರ. ಪರೀಕ್ಷೆಯ ದಿನ ಮಗು ಹಾಸಿಗೆಯಲ್ಲಿದ್ದುದಕ್ಕೆ ಪುರಾವೆ.
3. ರಾತ್ರಿ ಶಾಲೆಯ ಪ್ರಮಾಣಪತ್ರ, ನಕಲು. ಮೂಲವನ್ನು ಕೊಡಲು ಮನಸ್ಸಿಲ್ಲ.
4. ಕಳುಹಿಸದ ಅರ್ಜಿಗಳು, ನಾಲ್ಕು. ಸುಣ್ಣದ ಪುಡಿ ಕೊಡವಿ ಓದಿಕೊಳ್ಳುವುದು.

ರವಾನೆ ಷರಾ (ಅರ್ಜಿದಾರಳು ಇಟ್ಟುಕೊಂಡ ಪ್ರತಿಯಲ್ಲಿ ಮಾತ್ರ):

ಅರ್ಜಿಯ ಒಂದು ಪ್ರತಿಯನ್ನು ಬಾಧಿತರಿಗೆ ಮೊದಲು ತಲುಪಿಸಬೇಕೆಂಬ ನಿಯಮ ಎಲ್ಲೋ ಇರುವುದಾಗಿ ಅರ್ಜಿದಾರಳಿಗೆ ನೆನಪು. ಇಲ್ಲದಿದ್ದರೂ ಇರಬೇಕಿತ್ತು. ಆದ್ದರಿಂದ ಇಂದು ಶುಕ್ರವಾರ ಶಾಲೆ ಬಿಟ್ಟ ಮೇಲೆ ಹದಿನೇಳನೇ ನಂಬರನ್ನು ತರಗತಿಯಲ್ಲೇ ಉಳಿಸಿಕೊಂಡು, ಕಾಗದ ಅವಳ ಕೈಗೆ ಕೊಟ್ಟಳು. ಕರೆದುಕೊಂಡು ಹೋಗಲು ಬಂದ ತಾಯಿ ಹತಾರದ ಚೀಲ ಕೆಳಗಿಟ್ಟು ಬಾಗಿಲಲ್ಲಿ ನಿಂತಳು.

"ನಂಗೆ ಓದಕ್ಕೆ ಬರಲ್ಲ ಮಿಸ್," ಎಂದಳು ಹುಡುಗಿ.

"ಬಂದಷ್ಟು ಓದು. ನಾನು ಕಾಯ್ತೀನಿ."

'ಇಂದ' ಎಂಬಲ್ಲಿ ಶುರು ಮಾಡಿದಳು. ಮೊದಲು ಪಿಸುಮಾತು. ಸಿಂಬಳದ ಕಡೆ ಒಮ್ಮೆ ಕಿಸಕ್ಕೆಂದು ನಕ್ಕಳು, ದನಿ ಕೊಂಚ ಏರಿತು. ಕೋಳಿಯ ಕಥೆಯ ಹೊತ್ತಿಗೆ ಅವಳ ವೇಗಕ್ಕೆ ಅರ್ಜಿದಾರಳ ಕಿವಿ ಸೋತಿತು. ಬಸವನಹುಳು ತೆವಳಿದ ಸಾಲಿನಲ್ಲಿ ಗಕ್ಕನೆ ನಿಂತಳು.

"ಇದು ನೀವಾ ಮಿಸ್?"

"ಹೂಂ."

"ಹಾಗಾದ್ರೆ ನಂದಲ್ವಾ?"

"ನಿಂದಲ್ಲ ಕಣೇ. ಒಂದು ದಿನಾನೂ ನಿಂದಾಗಿರ್ಲಿಲ್ಲ."

ಹುಡುಗಿ ನಗುತ್ತಾಳೆಂದು ಅರ್ಜಿದಾರಳು ಎಣಿಸಿದ್ದಳು. ನಗಲಿಲ್ಲ. ಮುಖ ಕೆಂಪಾಯಿತು. "ನಿಮಗೆ ಗೊತ್ತಿತ್ತು," ಎಂದಳು. "ಅವನು ಹುಳು ಅಂದಾಗ್ಲೂ ಗೊತ್ತಿತ್ತು." ಆಮೇಲೆ ಮಿಕ್ಕದ್ದನ್ನೆಲ್ಲ, ಅಂಶ 11ನ್ನೂ ಸೇರಿಸಿ, ಒಂದಕ್ಷರ ಬಿಡದೆ, ಅರ್ಜಿದಾರಳ ಮುಖ ನೋಡದೆ, ಜಗಳಕ್ಕೆ ನಿಂತವಳ ದನಿಯಲ್ಲಿ ಓದಿ ಮುಗಿಸಿದಳು.

ಬಾಗಿಲಲ್ಲಿದ್ದ ತಾಯಿ ಕೇಳಿದ್ದು ಒಂದೇ ಮಾತು. "ಇಷ್ಟು ದಿನ ಬೇಕಾಯ್ತಾ ಮಿಸ್?"

"ಬೇಕಾಯ್ತಮ್ಮ."

ಅರ್ಜಿದಾರಳು ಲಕೋಟೆಗೆ ಅಂಟು ಹಚ್ಚಿ, ವಿಳಾಸವನ್ನು ಇನ್ನೊಮ್ಮೆ ಸರಿನೋಡಿ, ಕನ್ನಡಕ ಒರೆಸಿ, ಚಪ್ಪಲಿ ಹುಡುಕತೊಡಗಿದಳು. ಹುಡುಗಿ ಅಷ್ಟರಲ್ಲಿ ಕೈ ಚಾಚಿದಳು.

"ಕೊಡಿ ಇಲ್ಲಿ. ನಾನೇ ಹಾಕ್ತೀನಿ. ನೀವು ಹಾಕಲ್ಲ."

ಅಂಚೆಪೆಟ್ಟಿಗೆ ಗೇಟಿನ ಎದುರು ಬದಿಯಲ್ಲಿದೆ. ಬಾಯಿ ಎತ್ತರದಲ್ಲಿದ್ದ ಕಾರಣ ತಾಯಿ ಮಗಳನ್ನು ಸೊಂಟ ಹಿಡಿದು ಎತ್ತಿದಳು. ಪೆಟ್ಟಿಗೆಯ ಮೇಲೆ ಬರೆದಿದ್ದ ಅಂಚೆ ತೆಗೆಯುವ ವೇಳೆಯನ್ನು ಹುಡುಗಿ ರಸ್ತೆಗೆಲ್ಲ ಕೇಳುವಂತೆ ಮೊದಲು ಓದಿದಳು, ಆಮೇಲೆ ಲಕೋಟೆಯನ್ನು ಒಳಗೆ ತಳ್ಳಿದಳು.

ರವಾನೆಯಾದ ಸಮಯ: ನಾಲ್ಕು ಗಂಟೆ ಇಪ್ಪತ್ತೈದು ನಿಮಿಷ.